ಒಂದನೇ ತಾರೀಖಿನ ಲೆಕ್ಕ

ಕಳೆದ ತಿಂಗಳು ಒಂದು ಮುಂಜಾನೆ ಉಣಕಲ್ ಕೆರೆಯ ದಂಡೆಯ ಮೇಲೆ ತಿರುಗಾಡುತ್ತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಗಣಿತ ಕಲಿತವನು. ಈಗ ಅವನಿಗೂ ಐವತ್ತರ ಹತ್ತಿರ ವಯಸ್ಸು. ವಾಲ್ವ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದಾನೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಕಲ್ಲುಬೆಂಚಿನ ಮೇಲೆ ಕುಳಿತು ಅವನು ತನ್ನ ಸಂಕಟವನ್ನು ಬಿಚ್ಚಿದ.

"ಸರ್, ಮಗಗ ನೌಕರಿ ಸಿಕ್ಕು ಮೂರು ವರ್ಷ ಆತ್ರಿ. ನಮ್ಮ ಮನ್ಯಾಗ ಇರ್ತಾನ, ನಮ್ಮ ಮನ್ಯಾಗ ಉಣ್ತಾನ. ಪಗಾರ ಎಷ್ಟಂತ ಇವತ್ತಿಗೂ ಹೇಳಿಲ್ಲ. ನೀವರ ಒಂದು ಮಾತು ಹೇಳ್ರಿ ಅವಂಗ."

ನಾನು ಕೂಡಲೇ ಉತ್ತರ ಕೊಡಲಿಲ್ಲ. ಮೂವತ್ತೇಳು ವರ್ಷ ಪಾಠ ಹೇಳಿದವನಿಗೆ ಬುದ್ಧಿ ಹೇಳುವುದು ಕಷ್ಟದ ಕೆಲಸವೇನಲ್ಲ. ಆದರೆ ಈ ವಿಷಯದಲ್ಲಿ ನಾನೇ ಒಮ್ಮೆ ನಪಾಸಾದವನು. ಆ ಕಥೆಯನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಹಲವು ದಿನ ಯೋಚಿಸಿದೆ. ಇದನ್ನು ಓದುವ ನಿಮ್ಮಲ್ಲಿ ಅರ್ಧ ಜನ ಈಗ ದುಡಿಯುವ ಮಕ್ಕಳ ತಂದೆತಾಯಿಯರು, ಇನ್ನರ್ಧ ಜನ ತಂದೆತಾಯಿಯರ ಮನೆಯಲ್ಲಿದ್ದುಕೊಂಡು ದುಡಿಯುತ್ತಿರುವ ಮಕ್ಕಳು. ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಬಂಧುಗಳಲ್ಲಿ ಕೆಲವರಿಗೆ ಇದು ರುಚಿಸಲಿಕ್ಕಿಲ್ಲ. ಅವರು ಕ್ಷಮಿಸಬೇಕು.

ಮೊದಲು ನನ್ನ ಪಗಾರದ ವಿಷಯ. 1972ರ ಬರಗಾಲ ನಮ್ಮ ಭಾಗದ ಹಿರಿಯರಿಗೆಲ್ಲ ನೆನಪಿದೆ. ಆ ವರ್ಷ ಕುಂದಗೋಳ ತಾಲೂಕಿನ ನಮ್ಮ ಎರೆಹೊಲದಲ್ಲಿ ಜೋಳದ ಕಣಿಕೆ ಸಹ ಸರಿಯಾಗಿ ಬರಲಿಲ್ಲ. ಅದರ ಮರುವರ್ಷವೇ ನನ್ನ ಬಿ.ಇಡಿ. ಓದಿಗಾಗಿ ಅಪ್ಪ ಮೂರು ಎಕರೆ ಹೊಲವನ್ನು ಒತ್ತೆಯಿಟ್ಟರು. 1975ರಲ್ಲಿ ನಾನು ಶಿಕ್ಷಕನಾದೆ. ಊರಿನಿಂದಲೇ ಸೈಕಲ್ಲಿನ ಮೇಲೆ ಶಾಲೆಗೆ ಹೋಗಿಬರುತ್ತಿದ್ದೆ. ಮೊದಲ ಪಗಾರ ಮುನ್ನೂರು ಚಿಲ್ಲರೆ ರೂಪಾಯಿ. ಅದನ್ನು ಅಪ್ಪನ ಕೈಯಲ್ಲಿಟ್ಟು ಕಾಲಿಗೆರಗಿದೆ. ಅಪ್ಪ ಅದನ್ನು ದೇವರ ಜಗುಲಿಯ ಮೇಲಿಟ್ಟು, ಹತ್ತು ರೂಪಾಯಿಯ ಒಂದು ನೋಟನ್ನು ತೆಗೆದು ನನಗೆ ಮರಳಿ ಕೊಟ್ಟರು. ಆ ದಿನ ನನಗಾದ ಹೆಮ್ಮೆ ಮುಂದೆ ಯಾವ ಬಡ್ತಿಯಲ್ಲಿಯೂ ಆಗಲಿಲ್ಲ.

ಮೂರು ವರ್ಷದಲ್ಲಿ ಹೊಲ ಬಿಡಿಸಿಕೊಂಡೆವು. ಮುಂದಿನ ವರ್ಷ ತಂಗಿಯ ಮದುವೆಯೂ ಆಯಿತು. ಅಲ್ಲಿಯವರೆಗಿನದಕ್ಕೆ ನನ್ನ ತಕರಾರಿಲ್ಲ. ಆ ಹಣ ಎಲ್ಲಿಗೆ ಹೋಗುತ್ತಿದೆಯೆಂದು ನನಗೆ ಗೊತ್ತಿತ್ತು. ಆದರೆ ಅದಾದ ಮೇಲೂ ಪಗಾರ ಜಗುಲಿಗೆ ಹೋಗುವುದು ನಿಲ್ಲಲಿಲ್ಲ. ಉದ್ದೇಶ ಮುಗಿದು ಪದ್ಧತಿ ಉಳಿದುಕೊಂಡಿತು. ನನಗೆ ಮದುವೆಯಾಗಿ ಮಗ ಹುಟ್ಟುವ ಕಾಲಕ್ಕೂ ಚಪ್ಪಲಿಯ ಅಂಗುಟ ಕಿತ್ತರೆ ಹೊಲಿಸಲು ಅಪ್ಪನನ್ನು ಕೇಳಬೇಕಾಗಿತ್ತು. ಕೇಳಿದರೆ ಅಪ್ಪ ಕೊಡುತ್ತಿದ್ದರು, ಇಲ್ಲವೆನ್ನುತ್ತಿರಲಿಲ್ಲ. ಕೊಡುವ ಮೊದಲು ಒಂದೇ ಮಾತು: "ಯಾಕ ಬೇಕು?" 1984ರಲ್ಲಿ ಹುಬ್ಬಳ್ಳಿಗೆ ವರ್ಗವಾಗಿ, ವಿದ್ಯಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ ಮೇಲೆಯೇ ಆ ಪ್ರಶ್ನೆ ನಿಂತದ್ದು.

ಅಪ್ಪನ ಮನಸ್ಸಿನಲ್ಲಿದ್ದ ತರ್ಕ ಅವರೊಬ್ಬರದೇ ಆಗಿರಲಿಲ್ಲ. ನಾನು ಓದಿಸಿದೆ, ಆದ್ದರಿಂದ ಆ ಓದಿನ ಫಲ ಮನೆಯದು ಎಂಬುದು ಬಹಳ ಹಳೆಯ ನ್ಯಾಯ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ನಾಡಿನವನೇ ಆದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನವನ್ನು ಬರೆದನು. ವಿದ್ಯೆಯಿಂದ ಗಳಿಸಿದ ಧನದಲ್ಲಿ ಅಣ್ಣತಮ್ಮಂದಿರಿಗೆ ಪಾಲಿಲ್ಲ, ಆದರೆ ಆ ಗಳಿಕೆಗೆ ತಂದೆಯ ಸೊತ್ತು ಖರ್ಚಾಗಿರಬಾರದು ಎಂದು ಅವನು ಅರ್ಥೈಸಿದ. ಮನೆಯ ಖರ್ಚಿನಲ್ಲಿ ಓದಿದವನ ಗಳಿಕೆ ಮನೆಯ ಪಾಲಿಗೆ ಸೇರುವುದೆಂದು ಅದರರ್ಥ. ಬಂಗಾಳ ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ವ್ಯವಹಾರ ಶತಮಾನಗಳ ಕಾಲ ನಡೆದದ್ದು ಈ ಗ್ರಂಥದ ಆಧಾರದ ಮೇಲೆ. ಕುಟುಂಬದ ಹಣದಿಂದ ಇಂಗ್ಲೆಂಡಿನಲ್ಲಿ ಓದಿ ಐ.ಸಿ.ಎಸ್. ಸೇರಿದವರೊಬ್ಬರ ಗಳಿಕೆಯೂ ಅವಿಭಕ್ತ ಕುಟುಂಬದ ಸೊತ್ತೇ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1921ರಲ್ಲಿ ತೀರ್ಪಿತ್ತಿತು. ದೊಡ್ಡ ಅಧಿಕಾರಿಯ ಪಗಾರವೂ ಜಗುಲಿಗೇ ಹೋಯಿತೆನ್ನಿ!

ಓದಿದ ತರುಣರಿಗೆ ಇದು ಬಿಸಿ ಮುಟ್ಟಿಸಿರಬೇಕು. 1930ರಲ್ಲಿ ಹಿಂದೂ ವಿದ್ಯಾಧನ ಕಾಯಿದೆ ಬಂದಿತು. ಓದಿಸಿದ ಖರ್ಚು ಕುಟುಂಬದ್ದಾಗಿದ್ದರೂ, ಓದುವಾಗ ಅವನ ಅನ್ನಬಟ್ಟೆಯನ್ನು ಕುಟುಂಬವೇ ನೋಡಿಕೊಂಡಿದ್ದರೂ, ಅದೊಂದೇ ಕಾರಣಕ್ಕೆ ಅವನ ಗಳಿಕೆ ಕುಟುಂಬದ್ದಾಗುವುದಿಲ್ಲ ಎಂದು ಆ ಕಾಯಿದೆ ಹೇಳುತ್ತದೆ. ಅಂದರೆ ನಾನು ಮೊದಲ ಪಗಾರ ಜಗುಲಿಯ ಮೇಲಿಡುವ ಹೊತ್ತಿಗೆ ಆ ಹಳೆಯ ನ್ಯಾಯ ರದ್ದಾಗಿ ನಾಲ್ವತ್ತೈದು ವರ್ಷಗಳಾಗಿದ್ದವು. ನನಗೂ ತಿಳಿದಿರಲಿಲ್ಲ, ಅಪ್ಪನಿಗೂ ತಿಳಿದಿರಲಿಲ್ಲ. ತಿಳಿದಿದ್ದರೂ ನಾನು ಹಾಗೆಯೇ ಇಡುತ್ತಿದ್ದೆ.

ಇನ್ನೊಂದು ಬದಿಗೂ ಕಾಯಿದೆಯಿದೆ. ತಮ್ಮನ್ನು ತಾವು ಸಾಕಿಕೊಳ್ಳಲಾಗದ ವೃದ್ಧ ತಂದೆತಾಯಿಯರನ್ನು ಸಾಕುವುದು ಮಗ ಮತ್ತು ಮಗಳು ಇಬ್ಬರದೂ ಹೊಣೆಯೆಂದು 1956ರ ಕಾಯಿದೆ ಹೇಳಿತು. ಮದುವೆಯಾದ ಮಗಳಿಗೂ ಈ ಹೊಣೆ ತಪ್ಪಿದ್ದಲ್ಲವೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. ಹಿರಿಯ ನಾಗರಿಕರ ರಕ್ಷಣೆಗೆಂದೇ 2007ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತು. ಗಳಿಕೆ ಮಕ್ಕಳದು, ಕೈಲಾಗದ ಕಾಲಕ್ಕೆ ಸಾಕುವ ಹೊಣೆಯೂ ಮಕ್ಕಳದು. ಇವೆರಡರ ನಡುವೆ ತಂದೆತಾಯಿ ಗಟ್ಟಿಯಾಗಿದ್ದು, ಮಕ್ಕಳೂ ದುಡಿಯುತ್ತ, ಒಂದೇ ಸೂರಿನಡಿ ಕಳೆಯುವ ಹತ್ತಿಪ್ಪತ್ತು ವರ್ಷಗಳಿವೆಯಲ್ಲ, ಅಲ್ಲಿ ಯಾವ ಕಾಯಿದೆಯೂ ಇಲ್ಲ. ನಾನು ಎಡವಿದ್ದು ಅಲ್ಲಿಯೇ.

ನನ್ನ ಮಗ ಹಲವು ವರ್ಷಗಳಿಂದ ಪುಣೆಯಲ್ಲಿದ್ದಾನೆ. ಅವನ ಪಗಾರವೆಷ್ಟೆಂದು ನಾನು ಒಂದು ದಿನವೂ ಕೇಳಿದವನಲ್ಲ. ಮಗಳು ಇಲ್ಲಿಯೇ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಳು. ಪೀಜಿಯಲ್ಲಿದ್ದುಕೊಂಡು ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಆಗಲೂ ನಾನು ಲೆಕ್ಕ ಕೇಳಲಿಲ್ಲ. 2020ರಲ್ಲಿ ಲಾಕ್‌ಡೌನ್ ಆಯಿತು. ಆ ವರ್ಷ ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಮರಳಿದಂತೆ ಇವಳೂ ಬಂದಳು. ದೇವರ ಕೋಣೆಯ ಪಕ್ಕದ ಕೋಣೆಯೇ ಅವಳ ಆಫೀಸಾಯಿತು. ಆಮೇಲೆ ಹುಬ್ಬಳ್ಳಿಯಲ್ಲಿಯೇ ಬೇರೆ ಕೆಲಸ ಸಿಕ್ಕಿ ಇಲ್ಲಿಯೇ ಉಳಿದಳು. ನಮಗೆ ಸಂತೋಷವೋ ಸಂತೋಷ.

ಮನೆಗೆ ಬಂದ ಎರಡನೆಯ ತಿಂಗಳಿಗೆ ನಾನು ಅವಳನ್ನು ಕರೆದು ಕೂಡಿಸಿಕೊಂಡು, "ಐದು ಸಾವಿರ ನಿನ್ನ ಕೈಖರ್ಚಿಗೆ ಇಟ್ಟುಕೋ. ಉಳಿದದ್ದನ್ನು ಪ್ರತಿ ತಿಂಗಳೂ ನಮ್ಮ ಜಂಟಿ ಖಾತೆಗೆ ಹಾಕು. ನಿನ್ನ ಹೆಸರಿನಲ್ಲಿಯೇ ಠೇವಣಿ ಇಡುತ್ತೇನೆ, ನಿನ್ನ ಮದುವೆಗಾಗುತ್ತದೆ" ಎಂದೆ. ಅವಳು ತಲೆಯಾಡಿಸಿದಳು. ಹದಿನಾಲ್ಕು ತಿಂಗಳು ತಪ್ಪದೆ ಹಾಕಿದಳು. ಒಂದು ರೂಪಾಯಿಯನ್ನೂ ನಾನು ನನಗಾಗಿ ಮುಟ್ಟಲಿಲ್ಲ. ಆದ್ದರಿಂದಲೇ ನಾನು ಮಾಡುತ್ತಿರುವುದು ಸರಿಯೆಂದು ನನಗೆ ಸಂಪೂರ್ಣ ನಂಬಿಕೆಯಿತ್ತು. ಇಪ್ಪತ್ತೆಂಟು ವರ್ಷದ ಇಂಜಿನಿಯರು ತನ್ನ ಪಗಾರದ ಐದು ಸಾವಿರವನ್ನು ತಂದೆಯಿಂದ ಪಡೆದಂತೆ ಬದುಕುತ್ತಿದ್ದಾಳೆ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಒಂದು ಸಂಜೆ ಅವಳು ಬಂದು, "ಅಪ್ಪಾ, ಮೂರು ಸಾವಿರ ಬೇಕಾಗಿತ್ತು" ಎಂದಳು. ಪಂಚಾಂಗ ನೋಡುತ್ತಿದ್ದ ನಾನು ತಲೆ ಎತ್ತದೆಯೇ ಕೇಳಿದೆ: "ಯಾಕ ಬೇಕು?" ಬೆಂಗಳೂರಿನ ಗೆಳತಿಗೆ ಎಂದಳು. ಯಾವ ಗೆಳತಿ, ಏನು ಕಾರಣ, ತಿರುಗಿ ಯಾವಾಗ ಕೊಡುತ್ತಾಳೆ ಎಂದು ಕೇಳಿದೆ. "ಬ್ಯಾಡ ಬಿಡಪ್ಪಾ" ಎಂದು ಅವಳು ಒಳಗೆ ಹೋದಳು.

ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನ್ನ ಹೆಂಡತಿ ಹಿಟ್ಟಿನ ಕೈಯಲ್ಲಿಯೇ ಬಂದು ಬಾಗಿಲಲ್ಲಿ ನಿಂತು ಹೇಳಿದಳು: "ನಿಮ್ಮಪ್ಪಾರೂ ಹಿಂಗ ಕೇಳಿದ್ರು. ಯಾಕ ಬೇಕು ಅಂತ."

1981ರ ಸಂಗತಿ ಅದು. ಗದಗಿನಲ್ಲಿದ್ದ ಅವಳ ತಾಯಿಗೆ ಕಾಯಿಲೆ ಹೆಚ್ಚಾಗಿದೆಯೆಂದು ಕಾಗದ ಬಂದಿತ್ತು. ಬಸ್ಸಿನ ಖರ್ಚಿಗೆ ಅವಳು ಮಾವನನ್ನು ಕೇಳಿದಳು. "ಯಾಕ ಬೇಕು? ಸಂತಿ ಮುಗೀಲಿ, ನೋಡೂಣು" ಎಂದರು. ಅಪ್ಪ ಕೆಟ್ಟ ಮನುಷ್ಯರಾಗಿರಲಿಲ್ಲ. ಎಲ್ಲರಿಗೂ ಹೀಗೆಯೇ ಹೇಳುತ್ತಿದ್ದರು. ಸಂತೆ ಮುಗಿದು ಮೂರನೆಯ ದಿನ ದುಡ್ಡು ಕೊಟ್ಟರು. ಅವಳು ಗದಗಿಗೆ ಹೋಗಿ ಮುಟ್ಟಿದಾಗ ತಾಯಿಗೆ ಜೀವವಿತ್ತು, ಮಾತು ನಿಂತಿತ್ತು. ಆ ತಿಂಗಳ ನನ್ನ ಪಗಾರವೆಲ್ಲ ಜಗುಲಿಯ ಮೇಲಿನ ಹಿತ್ತಾಳೆಯ ಡಬ್ಬಿಯಲ್ಲಿಯೇ ಇತ್ತು. ನಾನು ಅದೇ ಮನೆಯಲ್ಲಿದ್ದೆ. ಅವಳು ನನ್ನನ್ನು ಕೇಳಲಿಲ್ಲ. ಕೇಳಿದರೆ ನನ್ನ ಹತ್ತಿರವೂ ಇರುತ್ತಿರಲಿಲ್ಲ. ಇದನ್ನು ನಾಲ್ವತ್ತು ವರ್ಷ ಅವಳು ನನಗೆ ಹೇಳಿರಲಿಲ್ಲ. ಹೇಳಿ, ಒಳಗೆ ಹೋಗಿ, ರೊಟ್ಟಿ ಬಡಿಯತೊಡಗಿದಳು.

ಮರುದಿನ ಬ್ಯಾಂಕಿಗೆ ಹೋಗಿ ಠೇವಣಿಯ ಕಾಗದಗಳನ್ನೆಲ್ಲ ತಂದು ಮಗಳ ಕೈಗೆ ಕೊಟ್ಟೆ. ಜಂಟಿ ಖಾತೆಗೆ ಇನ್ನು ಹಣ ಹಾಕಬೇಡವೆಂದೆ. ಅವಳು ಹೆದರಿ, "ಸಿಟ್ಟು ಬಂತೇನಪ್ಪಾ?" ಎಂದಳು. ಅವಳನ್ನು ಸಮಾಧಾನ ಮಾಡುವುದಕ್ಕೇ ಅರ್ಧ ದಿನ ಹಿಡಿಯಿತು.

ಆದರೆ ಅಷ್ಟಕ್ಕೆ ಬಿಟ್ಟಿದ್ದರೆ ಇನ್ನೊಂದು ತಪ್ಪಾಗುತ್ತಿತ್ತು. ನಮ್ಮ ಕಡೆ ಕೆಲವು ಹಿರಿಯರು ಎದೆ ತಟ್ಟಿಕೊಂಡು ಹೇಳುತ್ತಾರೆ: ನಾವು ಮಕ್ಕಳ ದುಡ್ಡು ಮುಟ್ಟುವುದಿಲ್ಲ, ಅದರಲ್ಲೂ ಮಗಳ ಗಳಿಕೆಯ ಅನ್ನ ತಿನ್ನುವುದಿಲ್ಲ ಎಂದು. ಕೇಳಲು ಚೆಂದ. ಆದರೆ ಮಗಳು ಈ ಮನೆಯವಳಲ್ಲ, ಇಂದಲ್ಲ ನಾಳೆ ಹೊರಡುವವಳು ಎಂಬ ಮಾತು ಅದರೊಳಗೆ ಅಡಗಿದೆ. ನಮ್ಮ ರಾಜ್ಯ 1994ರಲ್ಲಿಯೇ ತನ್ನ ತಿದ್ದುಪಡಿಯ ಮೂಲಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು. 2005ರಲ್ಲಿ ದೇಶವೇ ಕೊಟ್ಟಿತು. ಹೊಲದಲ್ಲಿ ಪಾಲಿರುವವಳಿಗೆ ಹಾಲಿನ ಲೆಕ್ಕದಲ್ಲಿ ಪಾಲು ಬೇಡವೆಂದರೆ ಅದು ಯಾವ ಗಣಿತ?

ನಾನು ಗಣಿತದವನಾದ್ದರಿಂದ ಒಂದು ವಹಿ ತಂದೆ. ಮೂರು ತಿಂಗಳು ಮನೆಯ ಖರ್ಚನ್ನೆಲ್ಲ ಬರೆದೆವು. ಕಿರಾಣಿ, ಹಾಲು, ಕಾಯಿಪಲ್ಲೆ, ಗ್ಯಾಸು, ಕೆಲಸದವಳ ಪಗಾರ, ನಮ್ಮಿಬ್ಬರ ಔಷಧಿ, ಇಂಟರ್‌ನೆಟ್ಟು. ಔಷಧಿಯನ್ನು ಬಿಟ್ಟರೆ ತಿಂಗಳಿಗೆ ಸರಾಸರಿ ಇಪ್ಪತ್ತನಾಲ್ಕು ಸಾವಿರ. ಮೂರು ಜನ, ತಲಾ ಎಂಟು ಸಾವಿರ. ಇಂಟರ್‌ನೆಟ್ಟು ಪೂರ್ತಿ ತನ್ನದೆಂದು ಅವಳೇ ಹಟ ಹಿಡಿದಳು. ಕರೆಂಟಿನ ಬಿಲ್ಲಿನ ಬಗ್ಗೆ ದೊಡ್ಡ ಚರ್ಚೆಯೇ ಆಗಿ ಅದು ನನ್ನ ಪಾಲಿಗೆ ಬಂದಿತ್ತು. 2023ರಲ್ಲಿ ಗೃಹಜ್ಯೋತಿ ಬಂದು ನಮ್ಮ ಬಿಲ್ಲು ಸೊನ್ನೆಯಾಗಲು, "ಅಪ್ಪ ಗೆದ್ದ" ಎಂದು ಮಗಳು ಈಗಲೂ ನಗುತ್ತಾಳೆ.

ಎಂಟು ಸಾವಿರ ಯಾರ ಖಾತೆಗೆ ಎಂಬ ಪ್ರಶ್ನೆ ಬಂದಿತು. ನನ್ನ ಖಾತೆಗೆ ಬೇಡವೆಂದು ನಾನೇ ಹೇಳಿದೆ. ಮನೆ ನಡೆಸುವವಳು ಅವಳ ತಾಯಿ, ಅವಳ ಖಾತೆಗೆ ಹೋಗಲಿ. ನಾನೂ ನನ್ನ ಪಿಂಚಣಿಯಿಂದ ನಮ್ಮಿಬ್ಬರ ಹದಿನಾರು ಸಾವಿರವನ್ನು ಒಂದನೇ ತಾರೀಖಿಗೆ ಅದೇ ಖಾತೆಗೆ ಹಾಕತೊಡಗಿದೆ. ಅವಳ ಹೆಸರಿನಲ್ಲಿ ಅದುವರೆಗೆ ಖಾತೆಯೇ ಇರಲಿಲ್ಲ. ತೆರೆಯಲು ಹೋದಾಗ ಬ್ಯಾಂಕಿನ ತರುಣಿ "ಅಮ್ಮಾ, ಇಲ್ಲಿ ಸಹಿ" ಎಂದಳಂತೆ. ಅರವತ್ತೈದು ದಾಟಿದ ಹೆಂಗಸು ಸಂಜೆ ನನಗೆ ಪಾಸ್‌ಬುಕ್ಕನ್ನು ದೂರದಿಂದ ತೋರಿಸಿ ಒಳಗಿಟ್ಟಳು.

ಇದನ್ನು ಬಾಡಿಗೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹೊರದೇಶಗಳಲ್ಲಿ ಬೆಳೆದ ಮಕ್ಕಳಿಂದ ಬಾಡಿಗೆ ಪಡೆಯುವ ಪದ್ಧತಿ ಉಂಟೆಂದು ಅಮೆರಿಕೆಯಲ್ಲಿರುವ ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ಬಾಡಿಗೆದಾರನಿಗೆ ಬಾಡಿಗೆ ಕೊಟ್ಟ ಮೇಲೆ ಮನೆಯ ಚಿಂತೆ ಇರುವುದಿಲ್ಲ. ಪಾಲು ಕೊಟ್ಟವಳಿಗೆ ನಲ್ಲಿಯಲ್ಲಿ ನೀರು ಬಾರದಿದ್ದರೂ ಚಿಂತೆ. ಬಾಡಿಗೆಯೆಂದಾಗ ನೆನಪಾಯಿತು. ಆಫೀಸಿನಲ್ಲಿ ಯಾರೋ ಹೇಳಿದರೆಂದು ಅವಳು ಒಮ್ಮೆ ಬಾಡಿಗೆಯ ರಸೀದಿಗೆ ನನ್ನ ಸಹಿ ಕೇಳಿದಳು, ತೆರಿಗೆ ಉಳಿಯುತ್ತದೆಂದು. ನಿಜವಾಗಿಯೂ ಬಾಡಿಗೆ ಕೊಟ್ಟು, ಮನೆಯ ಒಡೆಯರಾದ ತಂದೆತಾಯಿ ಅದನ್ನು ತಮ್ಮ ಆದಾಯವೆಂದು ತೋರಿಸಿದರೆ ಅದು ನ್ಯಾಯವಾದದ್ದೇ. ಕೊಡದೆ ರಸೀದಿ ಬರೆದರೆ ಕಾಪಿ ಹೊಡೆದಂತೆ. ನಾನು ಸಹಿ ಮಾಡಲಿಲ್ಲ. 2023-24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲವಾದ್ದರಿಂದ ನನ್ನನ್ನು ಯಾರೂ ಮತ್ತೆ ಕೇಳಿಲ್ಲ.

ಈಗ ಕೆರೆಯ ದಂಡೆಯ ಮೇಲಿನ ಆ ನನ್ನ ವಿದ್ಯಾರ್ಥಿಯ ಕಡೆಗೆ ಬರುತ್ತೇನೆ. ಅವನು ನನ್ನ ಕಥೆ ಕೇಳಿ, "ನಿಮಗ ಪೆನ್ಶನ್ ಐತ್ರಿ ಸರ್" ಎಂದ. ಮಾತು ಸತ್ಯ. ನಾನು ಹಳೆಯ ಪಿಂಚಣಿಯ ಕೊನೆಯ ತಲೆಮಾರಿನವನು. 2006ರ ಏಪ್ರಿಲ್‌ನಿಂದ ಸರ್ಕಾರಿ ನೌಕರಿಗೆ ಸೇರಿದವರಿಗೆ ಹೊಸ ಯೋಜನೆ ಬಂದಿತು. ಖಾಸಗಿ ಕಾರ್ಖಾನೆಯವರಿಗೆ ಭವಿಷ್ಯನಿಧಿಯ ಪಿಂಚಣಿ. ಅದರಲ್ಲಿ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾಯಿತು. ಸಾವಿರ ರೂಪಾಯಿಯಲ್ಲಿ ತಿಂಗಳು ತೆಗೆಯುವುದು ಹೇಗೆಂದು ಯಾವ ಗಣಿತ ಮೇಷ್ಟ್ರೂ ಹೇಳಿಕೊಡಲಾರ. ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಪಗಾರವೇ ತಂದೆತಾಯಿಯರ ಪಿಂಚಣಿ. ಅಂಥ ಮನೆಯಲ್ಲಿ ಕುಳಿತು ತಲಾ ಎಂಟು ಸಾವಿರವೆಂದು ಸಮಭಾಗ ಮಾಡುವುದು ಅನ್ಯಾಯ. ಅಲ್ಲಿ ಮಗ ಹೆಚ್ಚು ಕೊಡಬೇಕು. ಕೆಲವೊಮ್ಮೆ ಅರ್ಧಕ್ಕಿಂತ ಹೆಚ್ಚು ಕೊಡಬೇಕಾದೀತು.

ಆದರೆ ನಾನು ಅವನಿಗೆ ಕೇಳಿದ್ದು ಬೇರೆ. "ನಿನ್ನ ಮೇಲೆ ಸಾಲ ಎಷ್ಟಿದೆ ಎಂದು ಮಗನಿಗೆ ಗೊತ್ತೇನು?" ಅವನು ಮಾತಾಡಲಿಲ್ಲ. ಮನೆ ದುರಸ್ತಿಯ ಸಾಲ, ಮಗಳ ಮದುವೆಯ ಕೈಗಡ, ಬಂಗಾರದ ಮೇಲಿನ ಸಾಲ, ಯಾವುದನ್ನೂ ಮಗನಿಗೆ ಹೇಳಿರಲಿಲ್ಲ. ಅವನಿಗ್ಯಾಕೆ ಚಿಂತೆ ಎಂದು ಮುಚ್ಚಿಟ್ಟಿದ್ದನಂತೆ. ತಂದೆಯ ಲೆಕ್ಕ ಕಾಣದ ಮಗನಿಗೆ ತನ್ನ ಪಗಾರ ಹೇಳಿದರೆ ಅದೆಲ್ಲ ತಳವಿಲ್ಲದ ಬಾವಿಗೆ ಹೋದೀತೆಂಬ ಭಯವಿರುತ್ತದೆ. ತಿಂಗಳಿಗೆ ಹನ್ನೆರಡು ಸಾವಿರ ಬೇಕು, ಅದರಲ್ಲಿ ಐದು ಸಾವಿರ ಇನ್ನು ಮೂರು ವರ್ಷ ಸಾಲಕ್ಕೆ ಎಂದು ತಿಳಿದರೆ ಕೊಡುವವನ ಕೈ ಬೇರೆ ಇರುತ್ತದೆ. ನನ್ನ ಅನುಭವವೂ ಅದೇ. ಹೊಲ ಬಿಡಿಸುವವರೆಗೆ ನಾನು ಹೆಮ್ಮೆಯಿಂದ ಕೊಟ್ಟೆ. ಆಮೇಲೆ ಹಲ್ಲು ಕಚ್ಚಿ ಕೊಟ್ಟೆ. ಆದ್ದರಿಂದ ಮಗನ ಪಾಸ್‌ಬುಕ್ಕನ್ನು ಕೇಳುವ ಮೊದಲು ತಂದೆ ತನ್ನ ವಹಿಯನ್ನು ತೆರೆದಿಡಬೇಕು. ಕೊಟ್ಟ ಪಾಲು ಬಿಟ್ಟು ಉಳಿದದ್ದು ಅವನದು. ಅದರ ಬಗ್ಗೆ "ಯಾಕ ಬೇಕು" ಎಂದು ಕೇಳುವ ಅಧಿಕಾರ ನಮಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಕಠೋರನಾಗಿದ್ದೇನೆ. ಮಕ್ಕಳ ಹೆಸರಿನಲ್ಲಿ ಸಾಲ ತೆಗೆಸಬೇಡಿರಿ. ನನ್ನ ಇನ್ನೊಬ್ಬ ವಿದ್ಯಾರ್ಥಿ, ಒಳ್ಳೆಯ ಹುಡುಗ, ನೌಕರಿಗೆ ಸೇರಿದ ವರ್ಷವೇ ತಂದೆಯ ಮಾತಿಗೆ ಅಣ್ಣನ ಅಂಗಡಿಗೆಂದು ತನ್ನ ಹೆಸರಿನಲ್ಲಿ ಸಾಲ ತೆಗೆದ. ಅಂಗಡಿ ಮುಚ್ಚಿತು, ಕಂತುಗಳು ತಪ್ಪಿದವು. ಮುಂದೆ ಅವನು ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಆ ಹಳೆಯ ಚರಿತ್ರೆ ತೋರಿಸಿ ಕೈಯಾಡಿಸಿದರು. ತಂದೆ ತೀರಿಕೊಂಡರು, ಅಣ್ಣ ಮಾತಾಡುವುದಿಲ್ಲ. ಪಗಾರ ಕೇಳಿದರೆ ಈ ತಿಂಗಳದಷ್ಟೇ ಹೋಗುತ್ತದೆ; ಸಹಿ ಮಾಡಿಸಿಕೊಂಡರೆ ಮುಂದಿನ ಹತ್ತು ವರ್ಷ ಹೋಗುತ್ತದೆ.

ತರುಣರಿಗೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ತಾಯಿ ಮಾಡಿದ ಅಡುಗೆ ಉಂಡು, ತಾಯಿ ಮಡಿಚಿಟ್ಟ ಬಟ್ಟೆ ತೊಟ್ಟು, ಮನೆಗೆ ಒಂದು ಪೈಸೆ ಕೊಡದೆ, ಫೋನಿನ ಕಂತು ಮಾತ್ರ ತಪ್ಪದೆ ಕಟ್ಟುವವರು ನಿಮ್ಮಲ್ಲಿದ್ದೀರಿ. ನನಗೆ ಹೆಸರುಗಳೂ ಗೊತ್ತು. ನಿಮ್ಮ ತಾಯಂದಿರು ನಮ್ಮ ಮನೆಗೆ ಅರಿಷಿಣ ಕುಂಕುಮಕ್ಕೆ ಬರುತ್ತಾರೆ. ಅವರು ಕೇಳುವುದಿಲ್ಲವೆಂದು ಸುಮ್ಮನಿರಬೇಡಿ. ಒಂದನೇ ತಾರೀಖಿಗೆ ನೀವಾಗಿಯೇ ಹಾಕಿರಿ. ಹಬ್ಬಕ್ಕೆ ಸೀರೆ ತಂದುಕೊಡುವುದನ್ನು ಇದರಲ್ಲಿ ಲೆಕ್ಕ ಹಿಡಿಯಬೇಡಿರಿ.

ನನ್ನ ಮಗಳ ಇಂದಿನ ಪಗಾರ ಎಷ್ಟೆಂದು ನನಗೆ ಗೊತ್ತಿಲ್ಲ. ಆ ಮೂರು ಸಾವಿರವನ್ನು ಗೆಳತಿಗೆ ಕಳಿಸಿದಳೋ ಇಲ್ಲವೋ, ಅದನ್ನೂ ಕೇಳಿಲ್ಲ. ಕೇಳಬೇಕೆನ್ನಿಸುವುದಿಲ್ಲ ಎಂದರೆ ಸುಳ್ಳಾದೀತು. ಮೊನ್ನೆ ಅವಳು ತಂದ ಕಾಲ್ಮರಿಯ ಪೆಟ್ಟಿಗೆಯ ಮೇಲಿನ ಬೆಲೆ ನೋಡಿ ಬಾಯಿ ತೆರೆದೆ. ಹೆಂಡತಿ ಅಡುಗೆಮನೆಯಿಂದ ಕೆಮ್ಮಿದಳು.

ಕಳೆದ ರವಿವಾರ ಆ ಫಿಟ್ಟರ್ ಶಿಷ್ಯ ವಹಿಯೊಂದನ್ನು ಹಿಡಿದುಕೊಂಡು ಮನೆಗೇ ಬಂದ. ಮಗನಿಗೆ ತೋರಿಸುವ ಮೊದಲು ನಾನೊಮ್ಮೆ ನೋಡಬೇಕಂತೆ. ಅಕ್ಷರ ಶಾಲೆಯಲ್ಲಿದ್ದಾಗಿನಷ್ಟೇ ಕೆಟ್ಟದಾಗಿತ್ತು, ಕೂಡಿಸಿದ್ದು ಸರಿಯಾಗಿತ್ತು. ಕೊನೆಯ ಪುಟದಲ್ಲಿ ಎರಡು ಭಿಶಿಗಳ ಲೆಕ್ಕವಿತ್ತು. ಎರಡನೆಯದು ಹೆಂಡತಿಗೆ ಗೊತ್ತಿಲ್ಲವೆಂದು ತಲೆ ತಗ್ಗಿಸಿ ಹೇಳಿದ. ವಹಿಯನ್ನು ಮೊದಲು ಅವಳಿಗೆ ತೋರಿಸಿ ಬಾ ಎಂದು ಚಹಾ ಕುಡಿಸಿ ಕಳಿಸಿದ್ದೇನೆ.